ಫೀಸು ಕಡಿಮೆ, ಖರ್ಚು ಜಾಸ್ತಿ: ಮಲೆನಾಡಿನ ಮನೆಯಿಂದ ಸರ್ಕಾರಿ ಕಾಲೇಜಿಗೆ ಸೇರಿಸುವ ಮೊದಲು ಹಾಕಬೇಕಾದ ಲೆಕ್ಕ

ಸಾಗರದಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ. ಬೋರ್ಡಿನಲ್ಲಿ ಜೆರಾಕ್ಸ್ ಅಂತ ಇದ್ದರೂ ಅರ್ಧ ದಿನ ನಡೆಯುವುದು ಆನ್‌ಲೈನ್ ಅರ್ಜಿ ತುಂಬುವ ಕೆಲಸ. ಜೂನ್ ಬಂತೆಂದರೆ ಛತ್ರಿಯ ನೀರು ಬಾಗಿಲಲ್ಲಿ ಕೊಡವಿಕೊಂಡು ಅಪ್ಪ-ಮಗ, ಅಮ್ಮ-ಮಗಳು ಒಳಗೆ ಬರುತ್ತಾರೆ. ಗೊಬ್ಬರದ ಅಂಗಡಿಯ ಪ್ಲಾಸ್ಟಿಕ್ ಕವರಿನೊಳಗೆ ಮಾರ್ಕ್ಸ್ ಕಾರ್ಡ್. ಕೇಳುವ ಮೊದಲ ಪ್ರಶ್ನೆ ಒಂದೇ: "ಫೀಸ್ ಎಷ್ಟಾಗ್ತದೆ ಮಾರಾಯ್ರೇ?"

ಸರ್ಕಾರಿ ಕಾಲೇಜಿನ ಮಟ್ಟಿಗೆ ಫೀಸು ಎಲ್ಲಕ್ಕಿಂತ ಚಿಕ್ಕ ಖರ್ಚು. ನಾನು ಇಷ್ಟು ವರ್ಷದಲ್ಲಿ ನೋಡಿದ ಸಾಲಗಳಲ್ಲಿ ಫೀಸಿಗಾಗಿ ಮಾಡಿದ್ದು ಕಡಿಮೆ. ರೂಮಿಗೆ, ಊಟಕ್ಕೆ, ಬರಬೇಕಾದ ಸ್ಕಾಲರ್‌ಶಿಪ್ ಬರದೇ ಇದ್ದದ್ದಕ್ಕೆ ಮಾಡಿದ್ದೇ ಜಾಸ್ತಿ. ಅದಕ್ಕಿಂತ ದೊಡ್ಡ ಕಾರಣ ಕ್ಯಾಲೆಂಡರ್. ನಮ್ಮಲ್ಲಿ ಅಡಿಕೆ ಕೊಯ್ಲು ಶುರುವಾಗುವುದು ಮಳೆ ನಿಂತ ಮೇಲೆ. ಸುಲಿದು, ಬೇಯಿಸಿ, ಒಣಗಿಸಿ, ಮಂಡಿಗೆ, ಅಂದರೆ ಅಡಿಕೆ ವ್ಯಾಪಾರದವರಲ್ಲಿಗೆ, ಹೋಗಿ ದುಡ್ಡು ಕೈಗೆ ಬರುವಾಗ ಡಿಸೆಂಬರ್, ಜನವರಿ ದಾಟಿರುತ್ತದೆ. ಕಾಲೇಜಿನವರು ದುಡ್ಡು ಕೇಳುವುದು ಜೂನ್, ಜುಲೈನಲ್ಲಿ. ಅದೇ ಹೊತ್ತಿಗೆ ತೋಟಕ್ಕೆ ಕೊಳೆರೋಗ ತಡೆಯುವ ಬೋರ್ಡೋ ಔಷಧಿ ಹೊಡೆಸಬೇಕು, ಔಷಧಿಯವರ ಕೂಲಿ ಕೊಡಬೇಕು. ಮನೆಯಲ್ಲಿ ನಗದು ತೀರಾ ತಳ ಕಂಡಿರುವ ಕಾಲ ಅದು. ಸ್ಕಾಲರ್‌ಶಿಪ್ ಬರುವುದು ಇನ್ನೂ ತಡ. ಜೂನ್‌ನಿಂದ ಜನವರಿವರೆಗಿನ ಈ ಕಂದಕ ದಾಟುವ ದಾರಿ ಮೊದಲೇ ನೋಡಿಟ್ಟುಕೊಂಡರೆ ಮಿಕ್ಕಿದ್ದು ಅಷ್ಟು ಕಷ್ಟ ಅಲ್ಲ.

ಮೊದಲ ಹೆಜ್ಜೆ: ಒಂದು ಹಾಳೆಯಲ್ಲಿ ಪೂರ್ತಿ ವರ್ಷದ ಖರ್ಚು ಬರೆಯಿರಿ

ನನ್ನ ಅಕ್ಕನ ಮಗಳು ಶಿವಮೊಗ್ಗದಲ್ಲಿ ಬಿಎಸ್ಸಿ ಸೇರಿದಾಗ ಮೊದಲ ವರ್ಷ ಹಾಸ್ಟೆಲ್ ಸಿಗಲಿಲ್ಲ. ಮೂರು ಹುಡುಗಿಯರು ಸೇರಿ ರೂಮ್ ಮಾಡಿದರು. ಅವಳು ಹಳೇ ಪ್ರಾಕ್ಟಿಕಲ್ ರೆಕಾರ್ಡಿನ ಹಿಂಬದಿಯಲ್ಲಿ ಬರೆದಿಟ್ಟ ತಿಂಗಳ ಲೆಕ್ಕ ಹೀಗಿತ್ತು. ರೂಮಿನ ಪಾಲು 2,200. ಅಕ್ಕಿ ಮನೆಯಿಂದ ಒಯ್ದರೂ ಗ್ಯಾಸು, ತರಕಾರಿ, ಮಧ್ಯಾಹ್ನದ ಕ್ಯಾಂಟೀನು ಸೇರಿ 3,000. ಮೊಬೈಲ್ ರೀಚಾರ್ಜ್ 300. ಜೆರಾಕ್ಸ್, ರೆಕಾರ್ಡು, ಪೆನ್ನು ಅಂತ 300. ಊರಿಗೆ ಬಂದು ಹೋಗುವುದು, ಸೋಪು, ಮಾತ್ರೆ ಎಲ್ಲಾ ಸೇರಿ 700. ಒಟ್ಟು 6,500. ಹತ್ತು ತಿಂಗಳಿಗೆ 65,000. ಆ ವರ್ಷ ಅವಳು ಕಾಲೇಜಿಗೆ ಕಟ್ಟಿದ ಫೀಸು, ಪರೀಕ್ಷಾ ಶುಲ್ಕ ಎಲ್ಲಾ ಸೇರಿ 10,000 ಮುಟ್ಟಲಿಲ್ಲ.

ನಮ್ಮ ಭಾವ ಹೊಂದಿಸಿಟ್ಟುಕೊಂಡದ್ದು ಆ ಹತ್ತು ಸಾವಿರ ಮಾತ್ರ. ರೂಮಿನ ಅಡ್ವಾನ್ಸ್ ಕೊಡಲು ಅಕ್ಕನ ಸರ ಗಿರವಿಗೆ ಹೋಯಿತು.

ಹಾಗಾಗಿ ಹಾಳೆಯನ್ನು ಎರಡು ಭಾಗ ಮಾಡಿ. ಒಂದು ಕಡೆ ಒಂದೇ ಸಲ ಬರುವ ಖರ್ಚು: ಅಡ್ಮಿಷನ್ ಫೀಸು, ರೂಮಿನ ಅಡ್ವಾನ್ಸ್, ಹಾಸಿಗೆ, ಪಾತ್ರೆ, ಲ್ಯಾಬ್ ಕೋಟು, ಬೇಕಿದ್ದರೆ ಲ್ಯಾಪ್‌ಟಾಪು. ಇನ್ನೊಂದು ಕಡೆ ತಿಂಗಳ ಖರ್ಚು. ಪ್ರತಿ ಖರ್ಚಿನ ಮುಂದೆ ಅದು ಯಾವ ತಿಂಗಳಲ್ಲಿ ಬರುತ್ತದೆ ಅಂತಲೂ ಬರೆಯಿರಿ. ವರ್ಷದ ಮೊತ್ತ ಎಲ್ಲರೂ ಕೂಡುತ್ತಾರೆ. ತಿಂಗಳು ಬರೆಯುವವರು ಕಡಿಮೆ, ಪೆಟ್ಟು ಬೀಳುವುದೇ ಅಲ್ಲಿ.

ಸರ್ಕಾರಿ ಪದವಿ ಕಾಲೇಜಿನಲ್ಲಿ ಹೆಣ್ಣುಮಕ್ಕಳಿಗೆ ಬೋಧನಾ ಶುಲ್ಕದ ವಿನಾಯಿತಿ ಇದೆ. ಆದರೆ ಪರೀಕ್ಷಾ ಶುಲ್ಕ, ವಿಶ್ವವಿದ್ಯಾಲಯದ ಶುಲ್ಕ, ಇತರೆ ಅಂತ ಬರುವ ಸಣ್ಣಪುಟ್ಟ ಸಾಲುಗಳು ಇದ್ದೇ ಇರುತ್ತವೆ. "ಹುಡುಗಿಯರಿಗೆ ಪೂರ್ತಿ ಫ್ರೀ" ಅಂತ ಯಾರೋ ಹೇಳಿದ್ದು ಕೇಳಿ ಖಾಲಿ ಕೈಯಲ್ಲಿ ಹೋಗಬೇಡಿ. ಇನ್ನು ಎಂಜಿನಿಯರಿಂಗ್, ಮೆಡಿಕಲ್ ಕಡೆಯ ಲೆಕ್ಕವೇ ಬೇರೆ. ಸಿಇಟಿಯಲ್ಲಿ ಸರ್ಕಾರಿ ಸೀಟು ಸಿಕ್ಕಿತು ಅಂತ ಕುಣಿಯುವ ಮೊದಲು ಅದು ಸರ್ಕಾರಿ ಕಾಲೇಜಿನ ಸೀಟೋ, ಖಾಸಗಿ ಕಾಲೇಜಿನಲ್ಲಿರುವ ಸರ್ಕಾರಿ ಕೋಟಾದ ಸೀಟೋ ನೋಡಿಕೊಳ್ಳಿ. ಎರಡಕ್ಕೂ ಫೀಸಿನಲ್ಲಿ ತುಂಬಾ ಅಂತರ. ಮನೆಯ ವರಮಾನ ವರ್ಷಕ್ಕೆ 8 ಲಕ್ಷದ ಒಳಗಿದ್ದರೆ ಸಿಇಟಿಯಲ್ಲಿ ಎಸ್‌ಎನ್‌ಕ್ಯೂ ಅನ್ನುವ ಹೆಚ್ಚುವರಿ ಸೀಟುಗಳಿವೆ, ಅದರಲ್ಲಿ ಬೋಧನಾ ಶುಲ್ಕ ಇಲ್ಲ. ಆಪ್ಷನ್ ಹಾಕುವಾಗ ಅದನ್ನು ಬಿಟ್ಟು ಬಂದವರನ್ನು ಪ್ರತಿ ವರ್ಷ ನೋಡುತ್ತೇನೆ.

ಎರಡನೇ ಹೆಜ್ಜೆ: ಕಾಗದಪತ್ರ ಮಳೆಗಾಲಕ್ಕೆ ಮೊದಲೇ ಮುಗಿಸಿ

ಇದು ಬೇಜಾರಿನ ಕೆಲಸ. ಆದರೆ ದುಡ್ಡು ನಿಲ್ಲುವುದು ಇಲ್ಲೇ, ಅದಕ್ಕೇ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ.

ಜಾತಿ ಮತ್ತು ಆದಾಯ ಪ್ರಮಾಣಪತ್ರ ನಾಡಕಚೇರಿಯಿಂದ ಬರುತ್ತದೆ. ಆದಾಯದ್ದಕ್ಕೆ ಐದು ವರ್ಷದ ಆಯುಸ್ಸು. ಪಿಯುಸಿಗೆ ಸೇರುವಾಗ ಮಾಡಿಸಿದ್ದೇ ಇದೆಯಲ್ಲ ಅಂತ ಸುಮ್ನೆ ಇರಬೇಡಿ, ಡಿಗ್ರಿಯ ನಡುವೆ ಅವಧಿ ಮುಗಿಯುತ್ತದಾ ನೋಡಿ. ಅದರ ಮೇಲೆ ಆರ್‌ಡಿ ಅಂತ ಶುರುವಾಗುವ ನಂಬರು ಇರುತ್ತದೆ. ಸ್ಕಾಲರ್‌ಶಿಪ್ ಅರ್ಜಿಗೆ ಬೇಕಾಗುವುದು ಆ ನಂಬರೇ.

ಆಮೇಲೆ ಹೆಸರು. ಆಧಾರಿನಲ್ಲಿ "ಮಂಜುನಾಥ ಹೆಚ್", ಎಸ್ಎಸ್ಎಲ್‌ಸಿ ಕಾರ್ಡಿನಲ್ಲಿ "ಹೆಚ್ ಎಸ್ ಮಂಜುನಾಥ", ಜಾತಿ ಪತ್ರದಲ್ಲಿ "ಮಂಜುನಾಥ ಬಿನ್ ಸುಬ್ಬಪ್ಪ". ಮನುಷ್ಯರಿಗೆ ಒಬ್ಬನೇ ಹುಡುಗ. ಕಂಪ್ಯೂಟರಿಗೆ ಮೂರು ಜನ. ಎಸ್ಎಸ್ಎಲ್‌ಸಿ ಕಾರ್ಡಿನಲ್ಲಿ ಇದ್ದಂತೆ ಆಧಾರ್ ತಿದ್ದಿಸುವುದು ಸುಲಭ, ಉಲ್ಟಾ ಮಾಡಲು ಹೋದರೆ ವರ್ಷಗಟ್ಟಲೆ ಓಡಾಟ.

ಮೂರನೆಯದು ಆಧಾರಿಗೆ ಜೋಡಿಸಿದ ಮೊಬೈಲ್. ಹೋದ ವರ್ಷ ಕಾರ್ಗಲ್ ಕಡೆಯ ಹುಡುಗನೊಬ್ಬ ಬೆಳಗ್ಗೆ ಬಸ್ಸಿಗೇ ಬಂದು ಕೂತ. ಆಧಾರ್ ನಂಬರ್ ಹಾಕಿದೆ, ಓಟಿಪಿ ಹೋಯಿತು. ಹೋದದ್ದು ಅವನ ಅಪ್ಪನ ಫೋನಿಗೆ. ಅಪ್ಪ ತೋಟದಲ್ಲಿ. ತೋಟದಲ್ಲಿ ನೆಟ್‌ವರ್ಕ್ ಇಲ್ಲ. ಪಕ್ಕದ ಮನೆಯವರಿಗೆ ಫೋನ್ ಮಾಡಿ, ಅವರು ಕೂಗಿ ಕರೆದು, ಅಪ್ಪ ಗುಡ್ಡ ಹತ್ತಿ ಸಿಗ್ನಲ್ ಸಿಗುವ ಬಂಡೆ ಹತ್ತಿರ ಬರುವಷ್ಟರಲ್ಲಿ ಓಟಿಪಿ ಸತ್ತಿತ್ತು. ನಾಲ್ಕು ಸಲ ಹೀಗೇ ಆಯಿತು. ಐದನೇ ಸಲಕ್ಕೆ ಸರ್ವರ್ರೇ ಮಲಗಿತು. ಅಪ್ಪನನ್ನು ಒಂದು ದಿನ ಪೇಟೆಗೆ ಕರೆತಂದು ಮಕ್ಕಳ ಆಧಾರಿಗೆ ಮಕ್ಕಳದೇ ನಂಬರ್ ಹಾಕಿಸಿ. ಒಂದು ದಿನದ ಕೂಲಿ ಹೋಗುತ್ತದೆ, ಹೋಗಲಿ.

ಇನ್ನು ಬ್ಯಾಂಕ್ ಖಾತೆ. ಸರ್ಕಾರದ ದುಡ್ಡು ನೀವು ಅರ್ಜಿಯಲ್ಲಿ ಬರೆದ ಖಾತೆಗೆ ಹೋಗುತ್ತದೆ ಅಂತ ಎಲ್ಲರೂ ತಿಳಿದಿರುತ್ತಾರೆ. ಅದು ಹೋಗುವುದು ಆಧಾರಿಗೆ ಕೊನೆಯದಾಗಿ ಜೋಡಿಸಿದ ಖಾತೆಗೆ. ಎನ್‌ಪಿಸಿಐ ಮ್ಯಾಪಿಂಗ್ ಅಂತ ಅದರ ಹೆಸರು. ನನ್ನ ಅಕ್ಕನ ಮಗಳ ದುಡ್ಡು ಒಂದು ವರ್ಷ ಕಾಣೆಯಾಗಿತ್ತು. ನಾವು ಕಾಲೇಜಿನವರನ್ನು ಬೈದೆವು, ಇಲಾಖೆಯವರನ್ನು ಬೈದೆವು. ಕೊನೆಗೆ ನೋಡಿದರೆ ಹೈಸ್ಕೂಲಿನಲ್ಲಿ ಯಾವುದೋ ಕ್ಯಾಂಪಿನಲ್ಲಿ ತೆರೆದಿದ್ದ ಖಾತೆಯಲ್ಲಿ ಅದು ಆರಾಮಾಗಿ ಕೂತಿತ್ತು. ಪಾಸ್‌ಬುಕ್ಕು ಗೆದ್ದಲು ತಿಂದಿತ್ತು, ದುಡ್ಡು ಮಾತ್ರ ಇತ್ತು. ಡಿಬಿಟಿ ಕರ್ನಾಟಕ ಅನ್ನುವ ಆ್ಯಪಿನಲ್ಲಿ ಯಾವ ದುಡ್ಡು ಯಾವ ಖಾತೆಗೆ ಬಂತು ಅಂತ ಕಾಣುತ್ತದೆ. ಮೊದಲು ಅದನ್ನು ಹಾಕಿಕೊಳ್ಳಿ, ಆಮೇಲೆ ಯಾರನ್ನಾದರೂ ಬೈಯಿರಿ.

ರೈತರ ಮನೆಯಾದರೆ ಇನ್ನೊಂದು ಕಾಗದ: ಅಪ್ಪ ಅಥವಾ ಅಮ್ಮನ ಫ್ರೂಟ್ಸ್ ನಂಬರು, ಅಂದರೆ ರೈತ ಅಂತ ಸರ್ಕಾರದಲ್ಲಿ ನೋಂದಾಯಿಸಿದವರಿಗೆ ಸಿಗುವ ಗುರುತಿನ ಸಂಖ್ಯೆ. ಮಲೆನಾಡಿನಲ್ಲಿ ಇದೇ ದೊಡ್ಡ ತೊಡಕು. ಪಹಣಿ ಇನ್ನೂ ತೀರಿಹೋದ ಅಜ್ಜನ ಹೆಸರಲ್ಲಿರುತ್ತದೆ, ಇಲ್ಲವೇ ದೊಡ್ಡಪ್ಪ-ಚಿಕ್ಕಪ್ಪ ಎಲ್ಲರ ಜಂಟಿ ಖಾತೆ. ಬಗರ್‌ಹುಕುಂ ಜಾಗದಲ್ಲಿ, ಅಂದರೆ ಮಂಜೂರಾಗದ ಸರ್ಕಾರಿ ಜಮೀನಿನಲ್ಲಿ, ನಲವತ್ತು ವರ್ಷ ತೋಟ ಮಾಡಿದರೂ ಕಾಗದದಲ್ಲಿ ರೈತನೇ ಅಲ್ಲ. ಅಜ್ಜನ ಹೆಸರಿನದ್ದಾದರೆ ಪೌತಿ ಖಾತೆ ಮಾಡಿಸಬಹುದು, ಅಂದರೆ ತೀರಿಹೋದವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವುದು. ಮಗು ಪಿಯುಸಿ ಮೊದಲ ವರ್ಷದಲ್ಲಿರುವಾಗಲೇ ಶುರು ಮಾಡಿ.

ಮೂರನೇ ಹೆಜ್ಜೆ: ಹಾಸ್ಟೆಲ್ ಅರ್ಜಿ ಮೊದಲು, ರೂಮ್ ಆಮೇಲೆ

65,000ದ ಲೆಕ್ಕದಲ್ಲಿ 50,000ಕ್ಕಿಂತ ಹೆಚ್ಚು ರೂಮು ಮತ್ತು ಊಟದ್ದೇ ಅಲ್ವಾ? ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್, ಹಿಂದುಳಿದ ವರ್ಗದವರ ಬಿಸಿಎಂ ಹಾಸ್ಟೆಲ್, ಅಲ್ಪಸಂಖ್ಯಾತರ ಹಾಸ್ಟೆಲ್ ಇವುಗಳಲ್ಲಿ ಊಟ-ವಸತಿ ಉಚಿತ. ಸೀಟು ಸಿಕ್ಕರೆ ನಿಮ್ಮ ಸಾಲದ ಮುಕ್ಕಾಲು ಪಾಲು ಅಲ್ಲೇ ಕಳೆಯಿತು. ಅರ್ಜಿ ಸ್ಟೇಟ್ ಹಾಸ್ಟೆಲ್ ಪೋರ್ಟಲ್‌ನಲ್ಲಿ. ಅರ್ಜಿ ಹಾಕಲು ಕೊಡುವ ಸಮಯ ಕಡಿಮೆ, ಅಡ್ಮಿಷನ್ ಆದ ವಾರದಲ್ಲೇ ಹಾಕಿಬಿಡಿ. ಮೊದಲ ಪಟ್ಟಿಯಲ್ಲಿ ಹೆಸರು ಬರಲಿಲ್ಲ ಅಂತ ಬೇಸರ ಮಾಡಿಕೊಂಡು ವರ್ಷದ ಅಗ್ರಿಮೆಂಟ್ ಮಾಡಿ ರೂಮ್ ಹಿಡಿಯಬೇಡಿ. ಎಂಜಿನಿಯರಿಂಗ್ ಸೀಟು ಸಿಕ್ಕಿದವರು ಬಿಟ್ಟು ಹೋಗುತ್ತಾರೆ, ಪಟ್ಟಿ ಕೆಳಗೆ ಇಳಿಯುತ್ತದೆ. ಒಂದೆರಡು ತಿಂಗಳು ನೆಂಟರ ಮನೆಯಲ್ಲೋ ತಿಂಗಳ ಬಾಡಿಗೆಯ ಪಿಜಿಯಲ್ಲೋ ಕಳೆಯಬಹುದಾ ನೋಡಿ.

ಹಿಂದುಳಿದ ವರ್ಗದವರಿಗೆ ಹಾಸ್ಟೆಲ್ ಸಿಗದಿದ್ದರೆ ವಿದ್ಯಾಸಿರಿ ಇದೆ. ತಿಂಗಳಿಗೆ 1,500ರಂತೆ ಹತ್ತು ತಿಂಗಳಿಗೆ 15,000. ರೂಮಿನ ಪೂರ್ತಿ ಖರ್ಚಿಗೆ ಸಾಲದು, ಆದರೂ ಬಾಡಿಗೆಯ ಬಹುಪಾಲು ತುಂಬುತ್ತದೆ. ಹಾಸ್ಟೆಲ್‌ಗೆ ಅರ್ಜಿಯನ್ನೇ ಹಾಕದೆ ಇದನ್ನು ನೆಚ್ಚಿಕೊಳ್ಳಬೇಡಿ.

ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯಕ್ಕೆ ಎಂಎ, ಎಂಎಸ್ಸಿಗೆ ಹೋಗುವವರಿಗೆ ಕ್ಯಾಂಪಸ್ಸಿನಲ್ಲೇ ಹಾಸ್ಟೆಲ್ ಇದೆ. ಅದು ಶಿವಮೊಗ್ಗ ಪೇಟೆಯಿಂದ ದೂರ, ಭದ್ರಾ ಅಣೆಕಟ್ಟಿನ ಕಡೆ. ಪೇಟೆಯಲ್ಲಿ ರೂಮ್ ಮಾಡಿ ದಿನಾ ಓಡಾಡುತ್ತೇನೆ ಅನ್ನುವವರು ಬಸ್ಸಿನ ಖರ್ಚನ್ನೂ ಹೊತ್ತನ್ನೂ ಲೆಕ್ಕ ಹಾಕಿಕೊಳ್ಳಿ.

ಹಾಸ್ಟೆಲ್ ಬೇಕಾ, ದಿನಾ ಹೋಗಿಬರುವುದು ಸಾಕಾ ಅನ್ನುವುದು ಬಸ್ಸಿನ ಮೇಲೆ ನಿಂತಿದೆ. ಶಕ್ತಿ ಯೋಜನೆ 2023ರ ಜೂನ್‌ನಲ್ಲಿ ಬಂದ ಮೇಲೆ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ. ಆದರೆ ನಮ್ಮ ಒಳದಾರಿಗಳಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು, ಅಲ್ಲಿ ಶಕ್ತಿ ನಡೆಯುವುದಿಲ್ಲ. ಬೆಂಗಳೂರಿನವರು ಪೇಪರಿನಲ್ಲಿ ಬರೆದಷ್ಟು ಸಲೀಸಲ್ಲ. ನಿಮ್ಮ ಊರಿನ ಕ್ರಾಸಿಗೆ ಸರ್ಕಾರಿ ಬಸ್ಸು ಬರುವ ಹೊತ್ತು ಮತ್ತು ಕಾಲೇಜಿನ ಮೊದಲ ಕ್ಲಾಸಿನ ಹೊತ್ತು ಎರಡನ್ನೂ ಪಕ್ಕಪಕ್ಕ ಬರೆದು ನೋಡಿ. ಗಂಡುಮಕ್ಕಳಿಗೆ ಕೆಎಸ್ಆರ್‌ಟಿಸಿ ವಿದ್ಯಾರ್ಥಿ ಪಾಸಿದೆ, ಸೇವಾಸಿಂಧುವಿನಲ್ಲಿ ಅರ್ಜಿ. ಸಾಗರ, ಆನಂದಪುರದವರಿಗೆ ತಾಳಗುಪ್ಪದ ರೈಲೂ ಇದೆ. ಸಮಯ ಹೊಂದುವುದಾದರೆ ರೈಲಿನ ತಿಂಗಳ ಪಾಸಿನಷ್ಟು ಅಗ್ಗದ್ದು ಬೇರೆ ಇಲ್ಲ. ಶರಾವತಿ ಹಿನ್ನೀರಿನ ಆಚೆಯ ತುಮರಿ ಕಡೆಯವರು ಮೊದಲು ಲಾಂಚ್ ತಪ್ಪಿದರೆ ಆಚೆ ದಡದಲ್ಲೇ ಉಳಿಯಬೇಕಿತ್ತು, ಹಾಗಾಗಿ ಹಾಸ್ಟೆಲ್ ಅನಿವಾರ್ಯ. 2025ರ ಜುಲೈನಲ್ಲಿ ಸೇತುವೆ ಆಗಿದೆ. ಆ ಭಾಗದ ಮಕ್ಕಳು ಹಳೇ ಲೆಕ್ಕ ಬಿಟ್ಟು ಹೊಸದಾಗಿ ಹಾಕಬೇಕು.

ನಾಲ್ಕನೇ ಹೆಜ್ಜೆ: ಸ್ಕಾಲರ್‌ಶಿಪ್ ಅರ್ಜಿ ಎಲ್ಲಿ, ಯಾವುದು

ರಾಜ್ಯದ ಬಹುತೇಕ ಸ್ಕಾಲರ್‌ಶಿಪ್‌ಗಳಿಗೆ ಎಸ್ಎಸ್‌ಪಿ ಅನ್ನುವ ಒಂದೇ ಪೋರ್ಟಲ್. ಒಂದು ಅರ್ಜಿ ಹಾಕಿದರೆ ನಿಮ್ಮ ಜಾತಿ, ಆದಾಯ ನೋಡಿ ಅದು ಆಯಾ ಇಲಾಖೆಗೆ ಹೋಗುತ್ತದೆ. ಅದಕ್ಕೆ ಮೊದಲು ಕಾಲೇಜಿನ ಇ-ದೃಢೀಕರಣ ಅಧಿಕಾರಿಯಿಂದ ದಾಖಲೆ ದೃಢೀಕರಣ ಆಗಬೇಕು. ಅಧಿಕಾರಿ ಅಂದರೆ ಸಾಮಾನ್ಯವಾಗಿ ಅದೇ ಕಾಲೇಜಿನ ಒಬ್ಬ ಮೇಷ್ಟ್ರು, ಪಾಠದ ಜೊತೆಗೆ ಇದನ್ನೂ ಮಾಡುವವರು. ಕೊನೇ ವಾರ ನೂರಾರು ಮಕ್ಕಳು ಅವರ ಬಾಗಿಲಲ್ಲಿ ಇರುತ್ತಾರೆ. ಮೊದಲ ವಾರ ಹೋದರೆ ಚಹಾ ಕುಡಿಯುತ್ತಾ ಮಾಡಿಕೊಡುತ್ತಾರೆ. ಪದವಿ ಕಾಲೇಜಿನ ಮಕ್ಕಳ ಹತ್ತಿರ ಯುಯುಸಿಎಂಎಸ್ ನಂಬರು ಇರುತ್ತದೆ. ಅಡ್ಮಿಷನ್, ಪರೀಕ್ಷೆ ಎಲ್ಲದಕ್ಕೂ ಅದೇ ಜಾತಕ. ಅದನ್ನೂ ಪಾಸ್‌ವರ್ಡನ್ನೂ ನನ್ನಂಥ ಅಂಗಡಿಯವನ ಹತ್ತಿರ ಬಿಟ್ಟು ಹೋಗಬೇಡಿ, ನಿಮ್ಮ ಪುಸ್ತಕದಲ್ಲಿ ಬರೆದುಕೊಳ್ಳಿ. ಅಂಗಡಿ ಇವತ್ತು ಇರುತ್ತದೆ, ನಾಳೆ ಇರುವುದಿಲ್ಲ.

ಪರಿಶಿಷ್ಟ ಜಾತಿಯ ಮಕ್ಕಳ ಪೋಸ್ಟ್ ಮೆಟ್ರಿಕ್ ಸ್ಕಾಲರ್‌ಶಿಪ್‌ಗೆ ಆದಾಯ ಮಿತಿ 2.5 ಲಕ್ಷ. ಉಳಿದ ವರ್ಗಗಳಿಗೆ ಬೇರೆ ಬೇರೆ, ಆ ವರ್ಷದ ಪ್ರಕಟಣೆ ಓದಿ ಹಾಕಿ. ಅಡ್ಮಿಷನ್ ದಿನ ಕಾಲೇಜಿನ ಆಫೀಸಿನಲ್ಲಿ ಒಂದೇ ಪ್ರಶ್ನೆ ಕೇಳಿ: "ನಮ್ಮ ವಿನಾಯಿತಿ ಈಗಲೇ ಕಳೀತೀರಾ, ಪೂರ್ತಿ ಕಟ್ಟಿ ಆಮೇಲೆ ವಾಪಸ್ಸಾ?" ಎರಡನೆಯದಾದರೆ ಜೂನ್‌ನಲ್ಲಿ ಪೂರ್ತಿ ದುಡ್ಡು ಬೇಕು. ನಿಮ್ಮ ಹಾಳೆಯಲ್ಲಿ ಆ ತಿಂಗಳ ಮುಂದೆ ಬರೆದುಕೊಳ್ಳಿ.

ರೈತರ ಮಕ್ಕಳಿಗೆ 2021ರಲ್ಲಿ ಘೋಷಿಸಿದ ರೈತ ವಿದ್ಯಾನಿಧಿಯಲ್ಲಿ ಬಿಎ, ಬಿಎಸ್ಸಿ, ಬಿಕಾಂಗೆ ಹುಡುಗರಿಗೆ 5,000, ಹುಡುಗಿಯರಿಗೆ 5,500 ಇಟ್ಟಿದ್ದರು. ಎಂಬಿಬಿಎಸ್, ಬಿಇ ಮತ್ತು ಸ್ನಾತಕೋತ್ತರ ಕೋರ್ಸಿಗೆ 10,000 ಮತ್ತು 11,000. ಬೇರೆ ಸ್ಕಾಲರ್‌ಶಿಪ್ ಇದ್ದರೂ ಇದನ್ನು ಪಡೆಯಬಹುದು ಅನ್ನುವುದೇ ಇದರ ವಿಶೇಷ. ಈ ವರ್ಷ ಅರ್ಜಿ ತೆರೆದಿದೆಯಾ ಅಂತ ಎಸ್ಎಸ್‌ಪಿಯಲ್ಲೇ ನೋಡಿ. ಅಪ್ಪ ಗಾರೆ ಕೆಲಸ, ಸೆಂಟ್ರಿಂಗ್ ಕೆಲಸ ಮಾಡುವವರಾಗಿದ್ದು ಕಟ್ಟಡ ಕಾರ್ಮಿಕರ ಕಾರ್ಡಿದ್ದರೆ ಅವರ ಮಂಡಳಿಯಿಂದಲೂ ಮಕ್ಕಳ ಓದಿಗೆ ಸಹಾಯ ಇದೆ.

ಕೇಂದ್ರದ್ದು ಎನ್ಎಸ್‌ಪಿ ಪೋರ್ಟಲ್‌ನಲ್ಲಿ. ಪಿಯುಸಿಯಲ್ಲಿ ಒಳ್ಳೇ ಅಂಕ ತೆಗೆದು, ಮನೆಯ ಆದಾಯ 4.5 ಲಕ್ಷದ ಒಳಗಿದ್ದರೆ ಡಿಗ್ರಿಗೆ ವರ್ಷಕ್ಕೆ 12,000 ಕೊಡುವ ಯೋಜನೆಯೊಂದಿದೆ. ಭದ್ರಾವತಿಯ ಸರ್ಕಾರಿ ಪಾಲಿಟೆಕ್ನಿಕ್‌ನಂಥ ಕಡೆ ಡಿಪ್ಲೊಮಾಗೆ ಸೇರುವ ಹುಡುಗಿಯರು ಎಐಸಿಟಿಇಯವರ ಪ್ರಗತಿ ಸ್ಕಾಲರ್‌ಶಿಪ್ ಬಿಡಲೇಬೇಡಿ: ವರ್ಷಕ್ಕೆ 50,000, ಆದಾಯ ಮಿತಿ 8 ಲಕ್ಷ. ಡಿಪ್ಲೊಮಾದ ಪೂರ್ತಿ ಫೀಸಿಗಿಂತ ಅದೇ ಜಾಸ್ತಿ ಆದೀತು. ಸರ್ಕಾರಿ ಶಾಲೆ-ಕಾಲೇಜಿನಲ್ಲೇ ಹತ್ತು ಮತ್ತು ಪಿಯುಸಿ ಓದಿದ ಹುಡುಗಿಯರಿಗೆ ಅಜೀಂ ಪ್ರೇಮ್‌ಜಿ ಸ್ಕಾಲರ್‌ಶಿಪ್ ವರ್ಷಕ್ಕೆ 30,000. ಇದು ಸರ್ಕಾರದ್ದಲ್ಲ, ಅರ್ಜಿ ಬೇರೆ.

ಒಂದು ಮಾತು. ಇವೆಲ್ಲ ಬಂದೇ ಬರುತ್ತವೆ ಅಂತ ಹಾಳೆಯಲ್ಲಿ ಕೂಡಬೇಡಿ. ಬಂದರೆ ಸಾಲ ತೀರಿಸಲು, ಇಲ್ಲವೇ ಮುಂದಿನ ಜೂನ್‌ಗೆ.

ಐದನೇ ಹೆಜ್ಜೆ: ಕೈಸಾಲದ ಆರು ತಿಂಗಳು

ಈ ಕಂದಕವನ್ನು ನಮ್ಮಲ್ಲಿ ನಾಲ್ಕು ದಾರಿಯಲ್ಲಿ ದಾಟುತ್ತಾರೆ. ಮಂಡಿಯಲ್ಲಿ ಅಡ್ವಾನ್ಸ್, ಸೊಸೈಟಿಯ ಬೆಳೆಸಾಲ, ಚಿನ್ನದ ಗಿರವಿ, ವಾರದ ಕಂತಿನ ಸಂಘ.

ವಾರದ ಕಂತಿನದ್ದು ಮೊದಲು ತೆಗೆದುಹಾಕಿ. ದುಡ್ಡು ಬೇಕಿರುವುದೇ ಆರು ತಿಂಗಳು ವರಮಾನ ಇಲ್ಲ ಅಂತ. ಮುಂದಿನ ವಾರದಿಂದಲೇ ಕಟ್ಟು ಅನ್ನುವ ಸಾಲ ಅದಕ್ಕೆ ಹೇಗೆ ಹೊಂದುತ್ತದೆ? ಒಂದು ಸಂಘದ ಕಂತಿಗೆ ಇನ್ನೊಂದು ಸಂಘದಿಂದ ತೆಗೆಯುವುದು ಶುರುವಾಗುವುದೇ ಹೀಗೆ.

ಬೆಳೆಸಾಲ ನೋಡಲು ಚೆಂದ. ಸಹಕಾರಿ ಸಂಘಗಳಲ್ಲಿ 5 ಲಕ್ಷದವರೆಗೆ ಶೂನ್ಯ ಬಡ್ಡಿ. ಅದನ್ನು ಮಗನ ಫೀಸಿಗೆ ಕೊಟ್ಟವರು ನಮ್ಮೂರಲ್ಲಿ ಮನೆಗೊಬ್ಬರಿದ್ದಾರೆ. ಅದು ಒಂದು ವರ್ಷದ ಸಾಲ, ಓದು ಮೂರು ವರ್ಷದ್ದು. ಗಡುವಿನೊಳಗೆ ಕಟ್ಟದಿದ್ದರೆ ಶೂನ್ಯ ಬಡ್ಡಿಯೂ ಹೋಯಿತು. ಇನ್ನೊಂದು, ಆ ದುಡ್ಡು ಇದ್ದದ್ದು ಔಷಧಿಗೆ. ಮೊದಲ ಬೋರ್ಡೋ ಹದಿನೈದು ದಿನ ತಡವಾಗಿ, ಆಷಾಢದ ಮಳೆ ಹಿಡಿದು, ಕೊಳೆ ಬಂದು ಅರ್ಧ ಅಡಿಕೆ ಉದುರಿದರೆ ಸಾಲ ತೀರಿಸುವ ದಾರಿಯೇ ಉದುರಿತು. ತೋಟದ ದುಡ್ಡು ತೋಟಕ್ಕೇ ಇರಲಿ.

ಮಂಡಿ ಅಡ್ವಾನ್ಸಿನ ತೊಡಕು ಬಡ್ಡಿಯಲ್ಲ, ಕಟ್ಟು. ದುಡ್ಡು ಕೊಟ್ಟವರಿಗೇ, ಅವರು ಹೇಳಿದ ದಿನಕ್ಕೇ ಅಡಿಕೆ ಹಾಕಬೇಕಾಗುತ್ತದೆ. ರೇಟು ಏರುವವರೆಗೆ ಕಾಯುವ ಹಕ್ಕು ನಿಮ್ಮದಲ್ಲ.

ನನ್ನನ್ನು ಕೇಳಿದರೆ, ಚಿಕ್ಕ ಮೊತ್ತ, ಆರು ತಿಂಗಳು ಅಂತಿದ್ದರೆ ಬ್ಯಾಂಕಿನಲ್ಲಿಯೋ ಸೊಸೈಟಿಯಲ್ಲಿಯೋ ಚಿನ್ನ ಇಟ್ಟು ತರುವುದೇ ವಾಸಿ. ಬಡ್ಡಿ ತಿಂಗಳಿಗೆ ನೂರಕ್ಕೆ ಎಷ್ಟು ಅಂತ ಹೇಳಿದರೆ ಹನ್ನೆರಡರಿಂದ ಗುಣಿಸಿ. "ನೂರಕ್ಕೆ ಬರೀ ಎರಡು ರೂಪಾಯಿ" ಅಂದರೆ ವರ್ಷಕ್ಕೆ 24. ಅಡಿಕೆ ದುಡ್ಡು ಬಂದ ವಾರವೇ ಬಿಡಿಸಿಕೊಳ್ಳಿ. ಅಕ್ಕನ ಸರ ವಾಪಸ್ ಬರಲು ಎರಡೂವರೆ ವರ್ಷ ಆಯಿತು, ಯಾಕೆಂದರೆ ಆ ಜನವರಿಯಲ್ಲಿ ಬಂದ ದುಡ್ಡಿನಲ್ಲಿ ಭಾವ ಬೈಕ್ ತಗೊಂಡರು.

ಇದಕ್ಕಿಂತ ಒಳ್ಳೇದು ಒಂದಿದೆ. ಮಗು ಪಿಯುಸಿ ಮೊದಲ ವರ್ಷ ಇರುವಾಗಿನ ಅಡಿಕೆ ದುಡ್ಡಿನಿಂದ ಅಡ್ಮಿಷನ್ ತಿಂಗಳ ಮೊತ್ತವನ್ನು ಪಕ್ಕಕ್ಕೆ ತೆಗೆದು ಎಫ್‌ಡಿ ಇಡಿ. ಎರಡು ಕೊಯ್ಲು ಸಿಗುತ್ತವೆ. ಕೂಲಿ ಮಾಡುವ ಮನೆಗೆ ಈ ಮಾತು ಹೇಳಲು ನನಗೇ ನಾಚಿಕೆ. ಅವರಿಗೆ ಹಾಸ್ಟೆಲ್ ಮತ್ತು ಎಸ್ಎಸ್‌ಪಿ ಎರಡೇ ಗಟ್ಟಿ ದಾರಿ.

ಆರನೇ ಹೆಜ್ಜೆ: ಬ್ಯಾಂಕಿನ ಶಿಕ್ಷಣ ಸಾಲ, ಬೇಕಾದವರಿಗೆ ಮಾತ್ರ

ಸರ್ಕಾರಿ ಕಾಲೇಜಿನ ಬಿಎ, ಬಿಕಾಂಗೆ ಶಿಕ್ಷಣ ಸಾಲ ಮಾಡುವುದು ನನಗೆ ಸರಿ ಕಾಣುವುದಿಲ್ಲ. ಎಂಜಿನಿಯರಿಂಗ್, ನರ್ಸಿಂಗ್, ಮೆಡಿಕಲ್, ಪಶುವೈದ್ಯಕೀಯ, ಕೃಷಿ ಪದವಿ ಅಂದರೆ ಬೇರೆ ಮಾತು.

ಸಿಇಟಿಯಿಂದ ವೃತ್ತಿಪರ ಸೀಟು ಸಿಕ್ಕಿದ್ದರೆ ಬ್ಯಾಂಕಿಗೆ ಮೊದಲು "ಅರಿವು" ನೋಡಿ. ದೇವರಾಜ ಅರಸು ಹಿಂದುಳಿದ ವರ್ಗಗಳ ಅಭಿವೃದ್ಧಿ ನಿಗಮ, ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮ ಇವು ಕೊಡುವ ಸಾಲ ಇದು. ಬಡ್ಡಿ ವರ್ಷಕ್ಕೆ 2 ಪರ್ಸೆಂಟು. ಇದಕ್ಕಿಂತ ಅಗ್ಗ ಎಲ್ಲೂ ಸಿಗದು.

ಬ್ಯಾಂಕಿನದ್ದಾದರೆ ನಿಯಮ ತಿಳಿದೇ ಹೋಗಿ. 4 ಲಕ್ಷದವರೆಗೆ ಅಡಮಾನ ಬೇಡ, ಜಾಮೀನುದಾರ ಬೇಡ, ನಮ್ಮ ಪಾಲಿನ ಮಾರ್ಜಿನ್ ಹಣವೂ ಬೇಡ. ಅಪ್ಪ ಅಥವಾ ಅಮ್ಮ ಜಂಟಿ ಸಾಲಗಾರರಾಗಿ ಸಹಿ ಹಾಕಬೇಕು ಅಷ್ಟೇ. ಕೇಂದ್ರದ ಗ್ಯಾರಂಟಿ ನಿಧಿಯಡಿ ಬರುವ ಸಾಲವಾದರೆ 7.5 ಲಕ್ಷದವರೆಗೂ ಅಡಮಾನ ಕೇಳುವಂತಿಲ್ಲ. ಫೀಸು ಮಾತ್ರವಲ್ಲ, ಹಾಸ್ಟೆಲ್, ಪುಸ್ತಕ, ಲ್ಯಾಪ್‌ಟಾಪನ್ನೂ ಸೇರಿಸಿ ಕೇಳಬಹುದು.

ನನ್ನ ತಮ್ಮನ ಮಗನಿಗೆ 3 ಲಕ್ಷ ಕೇಳಲು ಹೋದಾಗ ಒಂದು ಬ್ಯಾಂಕಿನಲ್ಲಿ "ಮನೆ ಪತ್ರ ತಗೊಂಡು ಬನ್ನಿ" ಅಂದರು. ತಮ್ಮ ತಲೆ ಆಡಿಸಿ ವಾಪಸ್ ಬಂದ, ಪತ್ರ ಹುಡುಕಲು ಟ್ರಂಕ್ ತೆಗೆದ. ನಾನು ತಡೆದೆ. ಮರುದಿನ ಇಬ್ಬರೂ ಹೋಗಿ ಮೆಲ್ಲಗೆ ಹೇಳಿದೆವು: "ಸರ್, ಅಡಮಾನ ಬೇಕು ಅನ್ನೋದನ್ನ ಬರೆದು ಕೊಡಿ." ಬರೆದು ಕೊಡಲಿಲ್ಲ. ಒಂದು ತಿಂಗಳಲ್ಲಿ ಸಾಲ ಮಂಜೂರಾಯಿತು. ಜಗಳ ಬೇಡ, ಲಿಖಿತ ಉತ್ತರ ಕೇಳಿ. ಅರ್ಜಿಯನ್ನು ವಿದ್ಯಾಲಕ್ಷ್ಮಿ ಪೋರ್ಟಲ್ ಮೂಲಕ ಹಾಕಿದರೆ ಹಾಕಿದ ದಿನಾಂಕಕ್ಕೆ ದಾಖಲೆ ಇರುತ್ತದೆ. ಆಗಲೂ ಆಗದಿದ್ದರೆ ಜಿಲ್ಲೆಯ ಲೀಡ್ ಬ್ಯಾಂಕ್ ಮ್ಯಾನೇಜರ್ ಶಿವಮೊಗ್ಗದಲ್ಲಿ ಸಿಗುತ್ತಾರೆ. ಬ್ಯಾಂಕಿಗೆ ಕೊಟ್ಟ ದೂರಿಗೆ 30 ದಿನದಲ್ಲಿ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಇದ್ದಾರೆ. ಅದಕ್ಕೆ ಶುಲ್ಕ ಇಲ್ಲ.

ಮನೆಯ ಆದಾಯ 4.5 ಲಕ್ಷದ ಒಳಗಿದ್ದು, ಮಾನ್ಯತೆ ಇರುವ ಕಾಲೇಜಿನಲ್ಲಿ ವೃತ್ತಿಪರ ಇಲ್ಲವೇ ತಾಂತ್ರಿಕ ಕೋರ್ಸಾದರೆ, ಓದುವ ಅವಧಿ ಮತ್ತು ಅದರ ಮೇಲಿನ ಒಂದು ವರ್ಷದ ಬಡ್ಡಿಯನ್ನು ಕೇಂದ್ರ ಸರ್ಕಾರ ತುಂಬುವ ಯೋಜನೆ ಇದೆ. ತಾನಾಗೇ ಬರುವುದಿಲ್ಲ. ಆದಾಯ ಪತ್ರ ಕೊಟ್ಟು "ನನ್ನ ಹೆಸರು ಬಡ್ಡಿ ಸಬ್ಸಿಡಿಗೆ ಕಳಿಸಿ" ಅಂತ ಬ್ಯಾಂಕಿಗೆ ಹೇಳಬೇಕು. 2024ರ ನವೆಂಬರ್‌ನಲ್ಲಿ ಒಪ್ಪಿಗೆಯಾದ ಪಿಎಂ ವಿದ್ಯಾಲಕ್ಷ್ಮಿಯಲ್ಲಿ 8 ಲಕ್ಷದವರೆಗಿನ ಆದಾಯದವರಿಗೆ 10 ಲಕ್ಷದವರೆಗಿನ ಸಾಲಕ್ಕೆ 3 ಪರ್ಸೆಂಟ್ ಬಡ್ಡಿ ರಿಯಾಯಿತಿ ಇದೆ. ಆದರೆ ಆಯ್ದ ಕಾಲೇಜುಗಳಿಗೆ ಮಾತ್ರ. ಪಟ್ಟಿಯಲ್ಲಿ ನಿಮ್ಮ ಕಾಲೇಜು ಇದೆಯಾ ಮೊದಲು ನೋಡಿ.

ಈಗ ಬಡ್ಡಿಯ ಲೆಕ್ಕ. ವರ್ಷಕ್ಕೆ 1 ಲಕ್ಷದಂತೆ ನಾಲ್ಕು ವರ್ಷ ತೆಗೆದಿರಿ, ಬಡ್ಡಿ 10 ಪರ್ಸೆಂಟು ಅಂತ ಇಟ್ಟುಕೊಳ್ಳಿ. ಕಂತು ಶುರುವಾಗುವುದು ಓದು ಮುಗಿದು ಒಂದು ವರ್ಷಕ್ಕೆ. ಅಲ್ಲಿಯವರೆಗೆ ಮೊದಲ ಲಕ್ಷಕ್ಕೆ ಐದು ವರ್ಷದ ಬಡ್ಡಿ 50,000, ಎರಡನೆಯದಕ್ಕೆ 40,000, ಮೂರನೆಯದಕ್ಕೆ 30,000, ನಾಲ್ಕನೆಯದಕ್ಕೆ 20,000. ಒಟ್ಟು 1,40,000. ಅಂದರೆ ತೆಗೆದದ್ದು 4 ಲಕ್ಷ, ತೀರಿಸಲು ಶುರು ಮಾಡುವಾಗ 5,40,000. ಅದನ್ನು ಹತ್ತು ವರ್ಷಕ್ಕೆ ಹಂಚಿದರೆ ತಿಂಗಳಿಗೆ ಸುಮಾರು 7,140 ರೂಪಾಯಿ, ಒಟ್ಟು ಕಟ್ಟಿದ್ದು 8.5 ಲಕ್ಷ ದಾಟುತ್ತದೆ. ಓದುವಾಗಲೇ ಬಡ್ಡಿ ಮಾತ್ರ ಕಟ್ಟುತ್ತಾ ಹೋದರೆ ಮೊದಲ ವರ್ಷ ತಿಂಗಳಿಗೆ 833 ರೂಪಾಯಿ, ಎರಡನೇ ವರ್ಷ 1,667, ಹೀಗೆ ಏರುತ್ತದೆ. ಆಗ ಕಂತು 5,290ರ ಹತ್ತಿರ, ಎಲ್ಲಾ ಸೇರಿ 7.75 ಲಕ್ಷದ ಒಳಗೆ. ಸುಮಾರು 80,000 ಉಳಿಯಿತು. ಓದುವ ಅವಧಿಯಲ್ಲಿ ಬಡ್ಡಿ ಕಟ್ಟಿದವರಿಗೆ ಹಲವು ಬ್ಯಾಂಕುಗಳು 1 ಪರ್ಸೆಂಟ್ ರಿಯಾಯಿತಿಯನ್ನೂ ಕೊಡುತ್ತವೆ, ಕೇಳಿ ಬರೆಸಿಕೊಳ್ಳಿ.

ಕಂತು ಏಳು ಸಾವಿರ ಅಂದರೆ ಮೊದಲ ಕೆಲಸದ ಸಂಬಳ ಎಷ್ಟಿರಬೇಕು? ಬೆಂಗಳೂರಿನಲ್ಲಿ ಪಿಜಿ ಬಾಡಿಗೆ, ಊಟ ಕಳೆದು ಉಳಿಯುವುದರಲ್ಲಿ ಅದು ಬರಬೇಕು. ಅದೇ ಕಾಲೇಜಿನಲ್ಲಿ ಎರಡು ವರ್ಷದ ಹಿಂದೆ ಓದಿ ಹೊರಗೆ ಬಂದ ಮೂವರಿಗೆ ಫೋನ್ ಮಾಡಿ ಸಂಬಳ ಕೇಳಿ. ಕಾಲೇಜಿನ ಬ್ರೋಷರ್ ಕೇಳಬೇಡಿ.

ಕೊನೆಯ ಹೆಜ್ಜೆ: ಓದು ಮುಗಿದ ಮೇಲೆ

"ಬೆಳೆಸಾಲದ ಹಾಗೆ ಇದೂ ಒಂದು ದಿನ ಮನ್ನಾ ಆಗ್ತದೆ" ಅಂತ ಕಾಯುವವರಿದ್ದಾರೆ. 2018ರಲ್ಲಿ ಮನ್ನಾ ಆದದ್ದು ಬೆಳೆಸಾಲ. ಶಿಕ್ಷಣ ಸಾಲ ಮಗುವಿನ ಹೆಸರಲ್ಲೇ ಇರುತ್ತದೆ. ಕಂತು ತಪ್ಪಿದರೆ ಇಪ್ಪತ್ನಾಲ್ಕನೇ ವಯಸ್ಸಿಗೇ ಅದರ ಸಿಬಿಲ್ ಸ್ಕೋರ್, ಅಂದರೆ ಸಾಲ ತೀರಿಸಿದ ಚರಿತ್ರೆಗೆ ಸಿಗುವ ಅಂಕ, ಕೆಡುತ್ತದೆ, ಅಪ್ಪನದ್ದೂ ಕೆಡುತ್ತದೆ. ಕೆಲಸ ಸಿಕ್ಕಿಲ್ಲ ಅಂದರೆ ಕಂತು ತಪ್ಪುವ ಮೊದಲೇ ಬ್ಯಾಂಕಿಗೆ ಹೋಗಿ ಅವಧಿ ವಿಸ್ತರಿಸಲು ಅರ್ಜಿ ಕೊಡಿ. ತಪ್ಪಿದ ಮೇಲೆ ಹೋದರೆ ಮಾತೇ ಬೇರೆ.

ಪದವಿ ಮುಗಿದು 180 ದಿನ ಕೆಲಸ ಸಿಗದಿದ್ದರೆ ಯುವನಿಧಿ ಇದೆ. ಪದವಿಯವರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500, ಹೆಚ್ಚೆಂದರೆ ಎರಡು ವರ್ಷ. 2024ರ ಜನವರಿ 12ರಂದು ಅದರ ಹಣ ಹಂಚಿಕೆ ಶುರುವಾದದ್ದು ನಮ್ಮ ಶಿವಮೊಗ್ಗದ ಫ್ರೀಡಂ ಪಾರ್ಕಿನಲ್ಲೇ. ಮುಂದೆ ಓದಲು ಸೇರಿದವರಿಗೆ ಅದು ಬರುವುದಿಲ್ಲ. ಮೂರು ಸಾವಿರದಲ್ಲಿ ಕಂತು ತೀರದು, ಬಡ್ಡಿಗೆ ಆದೀತು. ಕೆಲಸ ಸಿಕ್ಕಿ ಆದಾಯ ತೆರಿಗೆ ಕಟ್ಟುವಂತಾದರೆ, ಹಳೇ ತೆರಿಗೆ ಪದ್ಧತಿಯಲ್ಲಿ 80ಇ ಅಡಿ ಎಂಟು ವರ್ಷದವರೆಗೆ ಈ ಸಾಲದ ಬಡ್ಡಿಗೆ ವಿನಾಯಿತಿ ಇದೆ.

ಕೊನೇ ಕಂತು ಕಟ್ಟಿದ ದಿನ ಬ್ಯಾಂಕಿನಿಂದ ಬಾಕಿ ಇಲ್ಲದ ಪತ್ರ ತಗೊಳ್ಳಿ. ಎರಡು ತಿಂಗಳು ಬಿಟ್ಟು ಸಿಬಿಲ್‌ನಲ್ಲಿ ಸಾಲ ಮುಚ್ಚಿದೆ ಅಂತ ಬಂದಿದೆಯಾ ನೋಡಿ. ಆ ಪತ್ರವನ್ನು ಲ್ಯಾಮಿನೇಷನ್ ಮಾಡಿಸಲು ಬರುತ್ತಾರೆ, ನಾನು ಮಾಡಿಕೊಡುವುದಿಲ್ಲ. ಮೊಹರು ಇರುವ ಕಾಗದ ಲ್ಯಾಮಿನೇಷನ್ ಮಾಡಿದರೆ ಕೆಲವು ಕಡೆ ಒಪ್ಪುವುದಿಲ್ಲ. ಎರಡು ಜೆರಾಕ್ಸ್ ಮಾಡಿಸಿ, ಮೂಲ ಪ್ರತಿಯನ್ನು ಜಿಪ್ ಇರುವ ಕವರಿಗೆ ಹಾಕಿ, ಅಟ್ಟದ ಮೇಲೆ ಬೇಡ, ಅಲ್ಲಿ ಮಳೆಗಾಲಕ್ಕೆ ಬೂಸ್ಟು ಹಿಡಿಯುತ್ತದೆ.